ಸ್ನೇಹ ಕಲಿಸುವ ಆ್ಯಪ್: ಅರಿವು ತೆರೆಯ ಮೇಲೆ, ಆಚಾರ ಅಂಗಳದಲ್ಲಿ

ಸ್ನೇಹವನ್ನು ಪಾಠದಂತೆ ಕಲಿಸಲು ಸಾಧ್ಯವೇ? ಒಂದು ತಲೆಮಾರಿನ ಹಿಂದೆ ಈ ಪ್ರಶ್ನೆಯನ್ನು ಯಾರಾದರೂ ಕೇಳಿದ್ದರೆ ಮನೆಯ ಹಿರಿಯರು ನಕ್ಕು ಸುಮ್ಮನಾಗುತ್ತಿದ್ದರು. ಮಗು ನಡೆಯಲು ಕಲಿತಂತೆ, ನುಡಿಯಲು ಕಲಿತಂತೆ, ಓಣಿಯ ಮಕ್ಕಳೊಡನೆ ಕೂಡಿ ಬಾಳುವುದನ್ನೂ ತಾನಾಗಿಯೇ ಕಲಿಯುತ್ತದೆ ಎಂಬುದು ಅವರ ನಂಬಿಕೆಯಾಗಿತ್ತು. ಇಂದು ಆ ಪ್ರಶ್ನೆ ನಗೆಯ ವಿಷಯವಾಗಿ ಉಳಿದಿಲ್ಲ. ಸರದಿ ಕಾಯುವುದು ಹೇಗೆ, ಆಟಿಕೆಯನ್ನು ಹಂಚಿಕೊಳ್ಳುವುದು ಹೇಗೆ, ಕೋಪ ಬಂದಾಗ ಏನು ಮಾಡಬೇಕು, ಹೊಸ ಗೆಳೆಯನನ್ನು ಮಾತನಾಡಿಸುವುದು ಹೇಗೆ ಎಂಬುದನ್ನೆಲ್ಲ ಮಕ್ಕಳಿಗೆ ಕಲಿಸುವ ಆ್ಯಪ್‌ಗಳು ಮೊಬೈಲಿನಲ್ಲಿಯೂ ಟ್ಯಾಬ್ಲೆಟ್‌ನಲ್ಲಿಯೂ ದೊರೆಯುತ್ತವೆ. ಅನೇಕ ತಂದೆತಾಯಿಗಳು ಅವನ್ನು ಶ್ರದ್ಧೆಯಿಂದಲೇ ಮಕ್ಕಳ ಕೈಗೆ ಕೊಡುತ್ತಿದ್ದಾರೆ.

ಹಾಗೆ ಕೊಡುವವರನ್ನು ಹಳಿಯುವುದು ಸುಲಭ. ಆದರೆ ಅವರ ಕಷ್ಟವನ್ನು ಮೊದಲು ಅರಿಯಬೇಕು. ಕೂಡುಕುಟುಂಬ ಒಡೆದು ಚಿಕ್ಕದಾಗಿದೆ. ಅನೇಕ ಮನೆಗಳಲ್ಲಿ ಇರುವುದು ಒಂದೇ ಮಗು. ಓಣಿಯಲ್ಲಿ ವಾಹನಗಳ ಭಯ, ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯವರ ಪರಿಚಯವಿಲ್ಲದ ಸಂಕೋಚ. ಇವುಗಳ ಮೇಲೆ ಕೋವಿಡ್ ಕಾಲ ಬಂದಿತು. ಕರ್ನಾಟಕದಲ್ಲಿ 2020ರ ಮಾರ್ಚ್ ತಿಂಗಳಲ್ಲಿ ಮುಚ್ಚಿದ ಶಾಲಾ ಕೊಠಡಿಗಳು 1ರಿಂದ 5ನೇ ತರಗತಿಯ ಮಕ್ಕಳಿಗೆ ತೆರೆದದ್ದು 2021ರ ಅಕ್ಟೋಬರ್ ಕೊನೆಯಲ್ಲಿ. ಅಕ್ಷರಾಭ್ಯಾಸದ ವಯಸ್ಸಿನ ಮಕ್ಕಳು ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಪಕ್ಕದಲ್ಲಿ ಕೂರುವ ಸಹಪಾಠಿಯಿಲ್ಲದೆ ಕಳೆದರು. ಶಾಲೆ ತೆರೆದ ಮೇಲೆ ತನ್ನ ಮಗು ಬೆಂಚಿನ ತುದಿಯಲ್ಲಿ ಒಂಟಿಯಾಗಿ ಕುಳಿತಿರುವುದನ್ನು ಕಂಡ ತಾಯಿ ಏನಾದರೊಂದು ಉಪಾಯ ಹುಡುಕಿದರೆ ಅದರಲ್ಲಿ ತಪ್ಪೇನಿದೆ? ಆದುದರಿಂದ ಆ್ಯಪ್ ಕೆಟ್ಟದ್ದು ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ವಿವೇಕವಲ್ಲ. ಅದು ಏನನ್ನು ಕೊಡಬಲ್ಲದು, ಏನನ್ನು ಕೊಡಲಾರದು ಎಂಬುದನ್ನು ತೂಗಿ ನೋಡಬೇಕು.

ಒಂದು ಉದಾಹರಣೆಯನ್ನು ನೋಡಬಹುದು. ಅಮೆರಿಕದ ಪ್ರಸಿದ್ಧ ಮಕ್ಕಳ ಕಾರ್ಯಕ್ರಮ ‘ಸೆಸಮಿ ಸ್ಟ್ರೀಟ್’ ಅನ್ನು ತಯಾರಿಸುವ ಸಂಸ್ಥೆಯು 2013ರಲ್ಲಿ ‘ಬ್ರೀದ್, ಥಿಂಕ್, ಡು’ ಎಂಬ ಆ್ಯಪ್ ಹೊರತಂದಿತು. ಉಸಿರಾಡು, ಆಲೋಚಿಸು, ಮಾಡು ಎಂಬುದು ಆ ಹೆಸರಿನ ಅರ್ಥ. ಅದರಲ್ಲಿ ಒಂದು ಪುಟ್ಟ ಮುದ್ದು ರಾಕ್ಷಸ ಮರಿ ಇದೆ. ಅದು ಜೋಡಿಸಿದ ಗೋಪುರ ಕುಸಿದು ಬೀಳುತ್ತದೆ, ಇಲ್ಲವೆ ಅದಕ್ಕೆ ಬೂಟು ಹಾಕಿಕೊಳ್ಳಲು ಬರುವುದಿಲ್ಲ, ಇಲ್ಲವೆ ಶಾಲೆಗೆ ಹೋಗಲು ಅಳು ಬರುತ್ತದೆ. ಮಗು ತೆರೆಯನ್ನು ಮುಟ್ಟಿ ಅದನ್ನು ಸಮಾಧಾನಪಡಿಸಬೇಕು, ಅದು ನಿಧಾನವಾಗಿ ಉಸಿರಾಡುವಂತೆ ಮಾಡಬೇಕು, ನಂತರ ಮುಂದೇನು ಮಾಡಬಹುದು ಎಂಬುದಕ್ಕೆ ಒಂದು ದಾರಿಯನ್ನು ಆರಿಸಿಕೊಡಬೇಕು. ಸರಳವಾದ ಆಟ, ಆದರೆ ಅದರೊಳಗಿನ ಕ್ರಮ ಒಳ್ಳೆಯದು. ಸಿಟ್ಟು ಬಂದ ಕ್ಷಣಕ್ಕೂ ಕೈ ಎತ್ತುವ ಕ್ಷಣಕ್ಕೂ ನಡುವೆ ಒಂದು ಉಸಿರಿನ ಅಂತರವಿರಲಿ ಎಂಬ ಪಾಠವನ್ನು ಯಾವ ಹಿರಿಯರೂ ಅಲ್ಲಗಳೆಯಲಾರರು.

ಇಂತಹ ಆ್ಯಪ್‌ಗಳು ಮಗುವಿಗೆ ಭಾವನೆಗಳ ಹೆಸರುಗಳನ್ನು ಕೊಡುತ್ತವೆ. ಹೆಸರಿಲ್ಲದ ದುಃಖ ಮಗುವಿನೊಳಗೆ ಹಟವಾಗಿ, ಕಿರುಚಾಟವಾಗಿ ಹೊರಬರುತ್ತದೆ. ‘ನನಗೆ ಬೇಸರವಾಗಿದೆ’, ‘ನನಗೆ ಅಸೂಯೆಯಾಗಿದೆ’, ‘ನನಗೆ ಭಯವಾಗಿದೆ’ ಎಂದು ಬೇರ್ಪಡಿಸಿ ಹೇಳಬಲ್ಲ ಮಗುವಿನ ಅರ್ಧ ಕಷ್ಟ ಅಲ್ಲಿಯೇ ಇಳಿಯುತ್ತದೆ. ತಾಳ್ಮೆಗೆಟ್ಟ ಮನುಷ್ಯರಿಗಿಂತ ಯಂತ್ರಕ್ಕೆ ಒಂದು ಅನುಕೂಲವೂ ಉಂಟು: ಅದೇ ಪಾಠವನ್ನು ಹತ್ತು ಬಾರಿ ಕೇಳಿದರೂ ಅದು ಬೇಸರಿಸದೆ ಹತ್ತು ಬಾರಿ ತೋರಿಸುತ್ತದೆ. ಇಷ್ಟು ಶ್ರೇಯಸ್ಸನ್ನು ಅದಕ್ಕೆ ಸಲ್ಲಿಸಲೇಬೇಕು.

ಆದರೆ ತೆರೆಯ ಮೇಲೆ ಕಂಡದ್ದು ಮಗುವಿನ ನಡೆಯಲ್ಲಿ ಇಳಿಯುವುದು ಯಾವಾಗ? ಈ ಪ್ರಶ್ನೆಗೆ ಉತ್ತರದ ಒಂದು ಎಳೆ 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಿಗುತ್ತದೆ. ಅಮೆರಿಕದಲ್ಲಿ 2012ರಿಂದ ಪ್ರಸಾರವಾದ ‘ಡೇನಿಯಲ್ ಟೈಗರ್ಸ್ ನೇಬರ್‌ಹುಡ್’ ಎಂಬ ಕಾರ್ಯಕ್ರಮವು ಪುಟ್ಟ ಹುಲಿಮರಿಯೊಂದರ ಮೂಲಕ ಮಕ್ಕಳಿಗೆ ಭಾವನೆ, ಹಂಚಿಕೆ, ಸ್ನೇಹಗಳನ್ನು ಕಲಿಸುವ ಉದ್ದೇಶದ್ದು; ಅದರ ಆ್ಯಪ್‌ಗಳೂ ಇವೆ. ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದ ಎರಿಕ್ ರಾಸ್ಮುಸ್ಸೆನ್ ಮತ್ತು ಸಂಗಡಿಗರು 2ರಿಂದ 6 ವರ್ಷದ 127 ಮಕ್ಕಳನ್ನು ತೆಗೆದುಕೊಂಡು, ಎರಡು ವಾರಗಳ ಅವಧಿಯಲ್ಲಿ ಈ ಕಾರ್ಯಕ್ರಮದ ಪರಿಣಾಮವನ್ನು ಪರೀಕ್ಷಿಸಿದರು. ಕಾರ್ಯಕ್ರಮ ನೋಡಿದ ಮಕ್ಕಳಲ್ಲಿ ಪರಾನುಭೂತಿ ಹೆಚ್ಚಿದ್ದು ಕಂಡುಬಂದಿತು. ಆದರೆ ಎಲ್ಲರಲ್ಲಿಯೂ ಅಲ್ಲ. ನೋಡಿದ ವಿಷಯವನ್ನು ಕುರಿತು ಯಾವ ಮನೆಗಳಲ್ಲಿ ತಂದೆತಾಯಿಗಳು ಮಕ್ಕಳೊಡನೆ ಮೇಲಿಂದ ಮೇಲೆ ಮಾತನಾಡುವ ರೂಢಿಯಿತ್ತೋ ಆ ಮನೆಗಳ ಮಕ್ಕಳಲ್ಲಿ ಆ ಫಲ ಕಂಡಿತು. ಒಂದೇ ಹುಲಿಮರಿ, ಅವೇ ಹಾಡುಗಳು. ಒಂದು ಮನೆಯಲ್ಲಿ ಅವು ಬಿತ್ತಿದ ಬೀಜವಾದವು, ಇನ್ನೊಂದು ಮನೆಯಲ್ಲಿ ಬಂಡೆಯ ಮೇಲೆ ಬಿದ್ದ ಕಾಳಾದವು. ನಡುವಿನ ವ್ಯತ್ಯಾಸ ಮಗುವಿನ ಪಕ್ಕದಲ್ಲಿ ಕುಳಿತ ಮನುಷ್ಯ.

ಇನ್ನೂ ಚಿಕ್ಕ ಕೂಸುಗಳ ವಿಷಯದಲ್ಲಿ ಇದು ಮತ್ತಷ್ಟು ಸ್ಪಷ್ಟ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಕುಲ್ ಅವರ ತಂಡ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಂಗ್ಲಿಷ್ ಮನೆಗಳ ಒಂಬತ್ತು ತಿಂಗಳ ಕೂಸುಗಳಿಗೆ ಚೀನೀ ಭಾಷೆಯನ್ನು ಕೇಳಿಸಲಾಯಿತು. ಕೆಲವರ ಎದುರಿಗೆ ಆ ಭಾಷೆಯನ್ನಾಡುವವರೇ ಕುಳಿತು ಪುಸ್ತಕ ಓದಿದರು, ಆಟಿಕೆ ಹಿಡಿದು ಆಡಿಸಿದರು. ಇನ್ನು ಕೆಲವರಿಗೆ ಅದೇ ಮಾತು, ಅದೇ ಮುಖ ವಿಡಿಯೊದಲ್ಲಿ. ಹನ್ನೆರಡು ಪಾಠಗಳ ನಂತರ ಮೊದಲ ಗುಂಪಿನ ಕೂಸುಗಳು ಆ ಭಾಷೆಯ ಧ್ವನಿಗಳನ್ನು ಬೇರ್ಪಡಿಸಿ ಗುರುತಿಸಿದವು. ವಿಡಿಯೊ ನೋಡಿದ ಕೂಸುಗಳು ಏನನ್ನೂ ಕಲಿತಿರಲಿಲ್ಲ. ಕಣ್ಣಿಗೆ ಕಣ್ಣು ಕೊಡುವ, ಕೈ ಚಾಚಿದರೆ ಕೈ ಹಿಡಿಯುವ ಜೀವ ಎದುರಿಗಿದ್ದಾಗ ಕೂಸಿನ ಮನಸ್ಸು ತೆರೆಯಿತು. ಭಾಷೆಯ ಧ್ವನಿಯಂತಹ ಸರಳ ವಿಷಯಕ್ಕೇ ಹೀಗಾದರೆ, ಸ್ನೇಹದಂತಹ ಸೂಕ್ಷ್ಮ ವಿಷಯಕ್ಕೆ ಇನ್ನೆಷ್ಟು?

ವಚನ ಸಾಹಿತ್ಯವನ್ನು ಓದಿದವರಿಗೆ ಇದು ಹೊಸ ಮಾತಲ್ಲ. ಶರಣರು ಅರಿವನ್ನೂ ಆಚಾರವನ್ನೂ ಬೇರೆ ಬೇರೆ ಕೋಣೆಗಳಲ್ಲಿ ಇಟ್ಟವರಲ್ಲ. ನಡೆಗೆ ಬಾರದ ಅರಿವನ್ನು ಅವರು ಹೊಗಳಲಿಲ್ಲ; ಅರಿವಿಲ್ಲದ ಬರಿಯ ನಡೆಯನ್ನೂ ಒಪ್ಪಲಿಲ್ಲ. 12ನೆಯ ಶತಮಾನದ ಕಲ್ಯಾಣದಲ್ಲಿ ಕಾಯಕದ ಜನ ಕೂಡಿ ಕುಳಿತು ಪ್ರಶ್ನಿಸಿ, ಪ್ರತ್ಯುತ್ತರ ಕೊಟ್ಟು, ಮುನಿದು, ಒಪ್ಪಿ ತಮ್ಮ ಅನುಭಾವವನ್ನು ಹದಗೊಳಿಸಿಕೊಂಡರು. ಮುಂದೆ 15ನೆಯ ಶತಮಾನದಿಂದ ಸಂಕಲನಗೊಂಡ ಶೂನ್ಯಸಂಪಾದನೆಗಳು ವಚನಗಳನ್ನು ಸಂವಾದದ ರೂಪದಲ್ಲಿಯೇ ಜೋಡಿಸಿದ್ದು ಆಕಸ್ಮಿಕವಲ್ಲ. ಅಲ್ಲಮಪ್ರಭುವಿನ ನಿಷ್ಠುರ ಪ್ರಶ್ನೆಯನ್ನು ಎದುರಿಸದೆ ಅಲ್ಲಿ ಯಾರೂ ಮುಂದೆ ಸಾಗುವುದಿಲ್ಲ. ಎದುರಿಗೊಬ್ಬರು ಇರಬೇಕು, ಅವರು ಇಲ್ಲವೆನ್ನಲು ಸ್ವತಂತ್ರರಾಗಿರಬೇಕು, ಆಗ ಮಾತ್ರ ಸಂಗಕ್ಕೆ ಅರ್ಥ. ಈ ಅಳತೆಗೋಲನ್ನು ಹಿಡಿದು ಸ್ನೇಹ ಕಲಿಸುವ ಆ್ಯಪ್‌ಗಳನ್ನು ನೋಡಿದರೆ ಅವುಗಳ ಮಿತಿ ತಾನಾಗಿಯೇ ಕಾಣುತ್ತದೆ. ಅವು ಅರಿವಿನ ಬಾಗಿಲಿನವರೆಗೆ ಕರೆತರಬಲ್ಲವು. ಆಚಾರದ ಅಂಗಳಕ್ಕೆ ಇನ್ನೊಂದು ಮಗುವೇ ಕೈಹಿಡಿದು ಕರೆದೊಯ್ಯಬೇಕು.

ಆ ಅಂಗಳದಲ್ಲಿ ನಡೆಯುವುದೇನು? ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಮಕ್ಕಳ ನೈತಿಕ ವಿವೇಕವನ್ನು ಅರಿಯಲು ಆರಿಸಿಕೊಂಡದ್ದು ಗೋಲಿಯಾಟವನ್ನು. 1932ರಲ್ಲಿ ಪ್ರಕಟವಾದ ಅವರ ಗ್ರಂಥ ಇಂದಿಗೂ ಈ ವಿಷಯದ ಮೂಲಾಧಾರಗಳಲ್ಲೊಂದು. ಆಟದ ನಿಯಮಗಳು ಎಲ್ಲಿಂದ ಬಂದವು, ಅವನ್ನು ಬದಲಿಸಬಹುದೇ ಎಂದು ಅವರು ಮಕ್ಕಳನ್ನು ಕೇಳಿದರು. ಚಿಕ್ಕ ಮಕ್ಕಳು ನಿಯಮವೆಂದರೆ ಹಿರಿಯರು ವಿಧಿಸಿದ್ದು, ಅದನ್ನು ಮುಟ್ಟಲಾಗದು ಎಂದರು. ತುಸು ದೊಡ್ಡವರಾದ, ಹತ್ತು ಹನ್ನೊಂದು ವರ್ಷದ ಮಕ್ಕಳು, ಎಲ್ಲರೂ ಒಪ್ಪಿದರೆ ನಿಯಮವನ್ನು ಬದಲಿಸಬಹುದು ಎಂದರು. ಈ ಎರಡು ಉತ್ತರಗಳ ನಡುವೆ ಮಗು ಬಹು ದೂರ ನಡೆದಿರುತ್ತದೆ. ಸಮಾನರೊಡನೆ ಆಡಿ, ಜಗಳವಾಡಿ, ಒಪ್ಪಂದಕ್ಕೆ ಬಂದು ಅದು ಆ ದಾರಿಯನ್ನು ಸವೆಸಿರುತ್ತದೆ. ನ್ಯಾಯವೆಂಬುದು ಮೇಲಿನಿಂದ ಇಳಿದು ಬರುವ ಆಜ್ಞೆ ಮಾತ್ರವಲ್ಲ, ಪರಸ್ಪರ ಗೌರವದಿಂದ ಹುಟ್ಟುವ ಒಡಂಬಡಿಕೆ ಎಂಬ ತಿಳಿವು ಅಲ್ಲಿ ಮೂಡುತ್ತದೆ.

ಆ್ಯಪ್‌ನಲ್ಲಿ ನಿಯಮವನ್ನು ಬರೆದವರು ಎಲ್ಲೋ ದೂರದ ಕಚೇರಿಯಲ್ಲಿದ್ದಾರೆ. ಮಗು ಅದನ್ನು ಪಾಲಿಸಬಹುದು, ಇಲ್ಲವೆ ಆಟ ಮುಚ್ಚಬಹುದು, ವಾದಿಸಲು ಬರುವುದಿಲ್ಲ. ಅಂದರೆ ಪಿಯಾಜೆ ಹೇಳಿದ ಮೊದಲ ಮೆಟ್ಟಿಲಿನಲ್ಲಿಯೇ ಮಗು ನಿಲ್ಲುತ್ತದೆ.

ಕನ್ನಡ ನಾಡಿನ ಮಕ್ಕಳ ಆಟಗಳಲ್ಲಿ ಈ ಮಾತಿಗೆ ಒಂದು ಸುಂದರವಾದ ದೃಷ್ಟಾಂತವಿದೆ. ಲಗೋರಿಯೋ ಕಣ್ಣಾಮುಚ್ಚಾಲೆಯೋ ನಡೆದಿರುತ್ತದೆ. ಆಟವಾಡುವವನೊಬ್ಬನ ಪುಟ್ಟ ತಂಗಿ ತಾನೂ ಆಡುವೆನೆಂದು ಅಳುತ್ತ ಬರುತ್ತಾಳೆ. ಅವಳಿಗೆ ಓಡಲು ಬಾರದು, ಚೆಂಡು ಹಿಡಿಯಲು ಬಾರದು. ಸೇರಿಸಿಕೊಂಡರೆ ಆಟ ಕೆಡುತ್ತದೆ. ಬಿಟ್ಟರೆ ಅವಳ ಮನಸ್ಸು ಮುರಿಯುತ್ತದೆ. ಆಗ ಮಕ್ಕಳೇ ಕಂಡುಕೊಂಡ ನಿಯಮ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’. ಅವಳು ಎಲ್ಲರ ಜೊತೆ ಓಡುತ್ತಾಳೆ, ಕೂಗುತ್ತಾಳೆ, ಚೆಂಡು ತಗಲಿದರೂ ಔಟಾಗುವುದಿಲ್ಲ. ದೊಡ್ಡವರು ಈ ಮಾತನ್ನು ಇಂದು ವ್ಯಂಗ್ಯವಾಗಿ ಬಳಸುತ್ತಾರೆ. ಆದರೆ ಅದರ ಮೂಲದಲ್ಲಿ ಎಂತಹ ಕರುಣೆಯಿದೆ, ಎಂತಹ ಜಾಣ್ಮೆಯಿದೆ! ದುರ್ಬಲರನ್ನು ಹೊರಗಿಡದೆ, ಆಟದ ಮರ್ಯಾದೆಯನ್ನೂ ಕೆಡಿಸದೆ ಎಲ್ಲರಿಗೂ ಎಡೆ ಮಾಡಿಕೊಡುವ ಈ ನಿಯಮವನ್ನು ಯಾವ ಪಠ್ಯಪುಸ್ತಕವೂ ಮಕ್ಕಳಿಗೆ ಹೇಳಿಕೊಡಲಿಲ್ಲ. ಹೇಳಿಕೊಟ್ಟದ್ದು ಅಂಗಳ. ನಾಲ್ಕು ವರ್ಷದಲ್ಲಿ ಲೆಕ್ಕಕ್ಕಿಲ್ಲದೆ ಆಡಿದ ಮಗು ಏಳು ವರ್ಷದಲ್ಲಿ ಲೆಕ್ಕಕ್ಕೆ ಬರುತ್ತದೆ, ಒಂಬತ್ತರಲ್ಲಿ ಇನ್ನೊಂದು ಪುಟ್ಟ ಮಗುವಿಗೆ ಅದೇ ರಿಯಾಯಿತಿಯನ್ನು ತಾನೇ ಕೊಡುತ್ತದೆ. ಪಡೆದದ್ದನ್ನು ಮುಂದಿನವರಿಗೆ ಸಲ್ಲಿಸುವ ದಾಸೋಹ ಭಾವದ ಮೊದಲ ಮೊಳಕೆ ಅದು.

ಮುನಿಸು ಮತ್ತು ಕ್ಷಮೆಯ ಪಾಠವೂ ಹಾಗೆಯೇ. ಅಂಗಳದಲ್ಲಿ ಗೆಳೆಯ ಠೂ ಬಿಡುತ್ತಾನೆ. ಎರಡು ದಿನ ಮಾತಿಲ್ಲ. ಆ ಎರಡು ದಿನಗಳಲ್ಲಿ ಮಗುವಿನ ಎದೆಯಲ್ಲಿ ಏನೇನೋ ನಡೆಯುತ್ತದೆ: ಕೋಪ, ನಾಚಿಕೆ, ಒಂಟಿತನ, ತನ್ನದೇ ತಪ್ಪಿರಬಹುದೇ ಎಂಬ ಸಂಶಯ. ಮೂರನೆಯ ದಿನ ಒಬ್ಬರು ತಲೆತಗ್ಗಿಸಿಕೊಂಡೇ ಒಂದು ಪೆನ್ಸಿಲನ್ನೋ ಪೇರಲ ಹಣ್ಣಿನ ತುಂಡನ್ನೋ ಮುಂದೆ ಚಾಚುತ್ತಾರೆ. ಮಾತು ಮತ್ತೆ ಕೂಡುತ್ತದೆ. ತೆರೆಯ ಮೇಲಿನ ರಾಕ್ಷಸ ಮರಿ ಎಂದಿಗೂ ಠೂ ಬಿಡುವುದಿಲ್ಲ. ಅದನ್ನು ಮರೆತು ಒಂದು ತಿಂಗಳು ಬಿಟ್ಟು ತೆರೆದರೂ ಅದೇ ನಗೆ ನಗುತ್ತದೆ. ಕಳೆದುಹೋಗುವ ಭಯವಿಲ್ಲದ ಸ್ನೇಹವನ್ನು ಉಳಿಸಿಕೊಳ್ಳುವ ಶ್ರಮವೂ ಇಲ್ಲ. ಶ್ರಮವಿಲ್ಲದ ಕಡೆ ಕಲಿಕೆಯೂ ಇಲ್ಲ.

ಇಲ್ಲಿ ಒಂದು ಮುಖ್ಯ ಆಕ್ಷೇಪಕ್ಕೆ ಉತ್ತರ ಹೇಳಬೇಕು. ಅಂಗಳವು ಎಲ್ಲ ಮಕ್ಕಳಿಗೂ ಕರುಣಾಮಯಿಯಾಗಿರಲಿಲ್ಲ. ಆಟಿಸಂ ಅಥವಾ ಸ್ವಲೀನತೆ ಇರುವ ಮಗುವಿಗೆ ಇತರರ ಮುಖಭಾವ, ಮಾತಿನ ಧಾಟಿ, ಹುಸಿನಗೆ, ಸೂಚನೆ ಇವು ಸುಲಭವಾಗಿ ತಿಳಿಯುವುದಿಲ್ಲ. ಅಂತಹ ಮಗುವನ್ನು ‘ಹೋಗಿ ಆಡಿಕೋ’ ಎಂದು ಹೊರಗೆ ಕಳುಹಿಸಿದರೆ ಅದು ಕಲಿಯುವುದಕ್ಕಿಂತ ನೋಯುವುದೇ ಹೆಚ್ಚು. ಅಂತಹ ಮಕ್ಕಳಿಗೆ ಸ್ನೇಹದ ಅಲಿಖಿತ ನಿಯಮಗಳನ್ನು ಬಿಡಿಸಿ, ಹಂತ ಹಂತವಾಗಿ, ಚಿತ್ರದಲ್ಲಿ ತೋರಿಸುವುದು ಉಪಕಾರ. ಅಮೆರಿಕದ ಶಿಕ್ಷಕಿ ಕ್ಯಾರಲ್ ಗ್ರೇ 1990ರ ದಶಕದ ಆರಂಭದಲ್ಲಿ ‘ಸೋಷಿಯಲ್ ಸ್ಟೋರೀಸ್’ ಎಂಬ ಪುಟ್ಟ ಕಥೆಗಳ ಮೂಲಕ ಈ ಕೆಲಸ ಮಾಡಿದರು. ಇಂದಿನ ಎಷ್ಟೋ ಆ್ಯಪ್‌ಗಳಲ್ಲಿ ಆ ಕಥೆಗಳ ಮಾದರಿಯೇ ಇದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡವೊಂದು ಗೂಗಲ್ ಗ್ಲಾಸ್ ಎಂಬ ಕನ್ನಡಕಕ್ಕೆ ಆ್ಯಪ್ ಜೋಡಿಸಿ, ಎದುರಿಗಿರುವವರ ಮುಖದಲ್ಲಿರುವುದು ಸಂತೋಷವೋ ಕೋಪವೋ ಎಂದು ಮಗುವಿಗೆ ಸೂಚಿಸುವ ಉಪಾಯ ಮಾಡಿತು. 6ರಿಂದ 12 ವರ್ಷದ 71 ಮಕ್ಕಳೊಡನೆ ನಡೆದು 2019ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ, ಕನ್ನಡಕ ಬಳಸಿದ ಮಕ್ಕಳು ಸಾಮಾಜಿಕ ನಡವಳಿಕೆಯ ಒಂದು ಮುಖ್ಯ ಅಳತೆಯಲ್ಲಿ ಇತರರಿಗಿಂತ ಮುಂದಾದರು. ಗಮನಿಸಬೇಕಾದ ಸಂಗತಿಯೆಂದರೆ, ಆ ಕನ್ನಡಕ ತೊಟ್ಟ ಮಗು ನೋಡುತ್ತಿದ್ದುದು ತನ್ನ ಮನೆಯವರ ನಿಜವಾದ ಮುಖಗಳನ್ನು.

ಇದಕ್ಕಿಂತಲೂ ಬೋಧಪ್ರದವಾದದ್ದು ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ಲಾಗಸನ್ ಮತ್ತು ಫ್ರೆಡ್ ಫ್ರಾಂಕೆಲ್ ರೂಪಿಸಿದ ‘ಪೀರ್ಸ್’ ಎಂಬ ಕ್ರಮ. ಹದಿಹರೆಯದವರಿಗೆ ಗೆಳೆತನ ಮಾಡುವುದನ್ನೂ ಉಳಿಸಿಕೊಳ್ಳುವುದನ್ನೂ ವಾರಕ್ಕೊಂದರಂತೆ ಹದಿನಾಲ್ಕು ವಾರ ಕಲಿಸುವ ಈ ಕ್ರಮದಲ್ಲಿ, ನಡೆಯುತ್ತಿರುವ ಮಾತಿನೊಳಗೆ ಸೇರಿಕೊಳ್ಳುವುದು ಹೇಗೆ ಎಂಬುದನ್ನೂ ಮೆಟ್ಟಿಲು ಮೆಟ್ಟಿಲಾಗಿ ಹೇಳಿಕೊಡಲಾಗುತ್ತದೆ: ಮೊದಲು ದೂರದಿಂದ ಆಲಿಸು, ವಿಷಯ ತಿಳಿದುಕೋ, ಮಾತು ನಿಲ್ಲುವ ಕ್ಷಣಕ್ಕೆ ಕಾಯು, ಆ ವಿಷಯಕ್ಕೆ ಸೇರಿದ ಮಾತನ್ನೇ ಆಡು. ಇದೇ ಪಾಠಗಳನ್ನು ನೆನಪಿಸುವ ‘ಫ್ರೆಂಡ್‌ಮೇಕರ್’ ಎಂಬ ಆ್ಯಪ್ ಕೂಡ ಬಂದಿತು. ಆದರೆ ಆ ಕ್ರಮದ ತಿರುಳು ಆ್ಯಪ್‌ನಲ್ಲಿಲ್ಲ. ಮಕ್ಕಳ ತರಗತಿ ನಡೆಯುವಾಗಲೇ ತಂದೆತಾಯಿಗಳಿಗೂ ಪಕ್ಕದಲ್ಲಿ ಬೇರೆ ತರಗತಿ ನಡೆಯುತ್ತದೆ. ಗೆಳೆಯರೊಬ್ಬರನ್ನು ಮನೆಗೆ ಕರೆದು ಕೂಡಿ ಕಾಲ ಕಳೆಯುವುದು ಮನೆಗೆಲಸವಾಗಿ ಕೊಡಲಾಗುತ್ತದೆ. ಈ ವಿಷಯದಲ್ಲಿ ವರ್ಷಗಳ ಕಾಲ ದುಡಿದ ತಜ್ಞರೇ ಆ್ಯಪನ್ನು ನೆನಪಿನ ಚೀಟಿಯ ಸ್ಥಾನದಲ್ಲಿ ಇಟ್ಟಿದ್ದಾರೆ. ಗುರುವಿನ ಸ್ಥಾನವನ್ನು ಅದಕ್ಕೆ ಕೊಟ್ಟಿಲ್ಲ.

ಅಷ್ಟೇ ಅಲ್ಲ, ಕಲಿಯಬೇಕಾದವರು ಒಂದು ಕಡೆಯವರೇ ಎಂಬ ಭಾವನೆಯೂ ಸರಿಯಲ್ಲ. ಸ್ವತಃ ಆಟಿಸಂ ಇರುವ ಇಂಗ್ಲೆಂಡಿನ ವಿದ್ವಾಂಸ ಡೇಮಿಯನ್ ಮಿಲ್ಟನ್ 2012ರಲ್ಲಿ ಒಂದು ನೇರವಾದ ಮಾತನ್ನು ಮುಂದಿಟ್ಟರು. ಆಟಿಸಂ ಇರುವವರಿಗೆ ಇತರರ ಮನಸ್ಸು ಅರ್ಥವಾಗುವುದಿಲ್ಲ ಎನ್ನುತ್ತಾರೆ. ಇತರರಿಗೆ ಅವರ ಮನಸ್ಸು ಅರ್ಥವಾಗುತ್ತದೆಯೇ? ತಿಳಿಯದಿರುವಿಕೆ ಎರಡೂ ಕಡೆ ಇರುವಾಗ ಒಬ್ಬರನ್ನು ಮಾತ್ರ ತಿದ್ದಹೊರಡುವುದು ನ್ಯಾಯವೇ? ಈ ಪ್ರಶ್ನೆ ಎಲ್ಲ ಮಕ್ಕಳ ಸ್ನೇಹಶಿಕ್ಷಣಕ್ಕೂ ಅನ್ವಯಿಸುತ್ತದೆ. ಒಂಟಿಯಾಗಿ ಕುಳಿತ ಮಗುವಿನ ಕೈಗೆ ಆ್ಯಪ್ ಕೊಟ್ಟು ‘ಬೆರೆಯುವುದನ್ನು ಕಲಿ’ ಎನ್ನುವವರು, ಅದನ್ನು ಬೆರೆಸಿಕೊಳ್ಳದ ಇತರ ಮಕ್ಕಳಿಗೆ ಏನು ಕಲಿಸಿದ್ದಾರೆ? ಹೊರಗುಳಿದವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುವುದೇ ಸಂಗದ ಮೊದಲ ಲಕ್ಷಣವೆಂದು ನಂಬಿದ ಪರಂಪರೆಯಲ್ಲಿ ಬೆಳೆದವರು ಈ ಪ್ರಶ್ನೆಯನ್ನು ತಮ್ಮ ಮನೆಯ ಮಕ್ಕಳಿಗೆ ಮೊದಲು ಕೇಳಬೇಕು.

ಇತ್ತೀಚೆಗೆ ಇನ್ನೊಂದು ಅಪಾಯವೂ ಎದುರಾಗಿದೆ. ಸ್ನೇಹವನ್ನು ಕಲಿಸುವ ಆ್ಯಪ್ ಹೋಗಿ, ತಾನೇ ಸ್ನೇಹಿತನಾಗುವ ಆ್ಯಪ್ ಬಂದಿದೆ. ಕೃತಕ ಬುದ್ಧಿಮತ್ತೆಯ ಸಂಗಾತಿಗಳು ಮನುಷ್ಯರಂತೆಯೇ ಮಾತನಾಡುತ್ತವೆ, ಹೇಳಿದ್ದನ್ನೆಲ್ಲ ಕೇಳುತ್ತವೆ, ಬಹುಪಾಲು ಹೌದೆನ್ನುತ್ತವೆ. ಅಮೆರಿಕದ ‘ಕಾಮನ್ ಸೆನ್ಸ್ ಮೀಡಿಯಾ’ ಎಂಬ ಸಂಸ್ಥೆ 2025ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಅಲ್ಲಿನ ಹದಿಹರೆಯದವರಲ್ಲಿ ಶೇಕಡಾ 72ರಷ್ಟು ಮಂದಿ ಇಂತಹ ಸಂಗಾತಿಗಳನ್ನು ಒಮ್ಮೆಯಾದರೂ ಬಳಸಿದ್ದಾರೆ. ಭಾರತದ ಮಕ್ಕಳ ಕೈಯಲ್ಲಿಯೂ ಅವೇ ಫೋನುಗಳಿವೆ. ಸದಾ ಒಪ್ಪುವ, ಎಂದೂ ದಣಿಯದ, ಏನನ್ನೂ ಬೇಡದ ಗೆಳೆಯನಿಗೆ ಒಗ್ಗಿಹೋದ ಮಗುವಿಗೆ, ದಣಿಯುವ, ಬೇಡುವ, ಒಮ್ಮೊಮ್ಮೆ ಚುಚ್ಚಿ ಮಾತನಾಡುವ ನಿಜವಾದ ಗೆಳೆಯ ಹೊರೆಯೆನಿಸಬಹುದು. ಆದುದರಿಂದ ಪಾಲಕರು ಯಾವ ಆ್ಯಪ್ ಕಂಡರೂ ಒಂದು ಪ್ರಶ್ನೆ ಕೇಳಿಕೊಂಡರೆ ಸಾಕು: ಇದು ಮಗುವನ್ನು ಇನ್ನೊಂದು ಮಗುವಿನ ಬಳಿಗೆ ಕಳುಹಿಸುತ್ತದೆಯೇ, ತನ್ನ ಬಳಿಯೇ ಉಳಿಸಿಕೊಳ್ಳುತ್ತದೆಯೇ?

ತೆರೆಯಿಂದ ದೂರವಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಒಂದು ಸಣ್ಣ ಸಾಕ್ಷ್ಯವಿದೆ. ಲಾಸ್ ಏಂಜಲಿಸ್‌ನ ಅದೇ ವಿಶ್ವವಿದ್ಯಾಲಯದ ಯಾಲ್ಡಾ ಉಲ್ಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರನೆಯ ತರಗತಿಯ 51 ಮಕ್ಕಳು ಐದು ದಿನ ಯಾವ ತೆರೆಯೂ ಇಲ್ಲದ ನಿಸರ್ಗ ಶಿಬಿರದಲ್ಲಿ ಕಳೆದರು. ಎಂದಿನಂತೆ ಇದ್ದ ಅದೇ ಶಾಲೆಯ 54 ಮಕ್ಕಳಿಗೆ ಹೋಲಿಸಿದಾಗ, ಶಿಬಿರದಿಂದ ಮರಳಿದವರು ಇತರರ ಮುಖಭಾವಗಳನ್ನು ಗುರುತಿಸುವುದರಲ್ಲಿ ಹೆಚ್ಚು ಸುಧಾರಿಸಿದ್ದರು. ಇದು ತೆರೆ ಇಲ್ಲದ್ದರ ಫಲವೋ, ಐದು ದಿನ ಕೂಡಿ ಉಂಡು ಕೂಡಿ ನಡೆದುದರ ಫಲವೋ ಎಂದು ಬೇರ್ಪಡಿಸಿ ಹೇಳಲು ಬಾರದು. ಬಹುಶಃ ಬೇರ್ಪಡಿಸುವ ಅಗತ್ಯವೂ ಇಲ್ಲ. ತೆರೆ ಸರಿದಾಗ ಉಳಿದ ಜಾಗವನ್ನು ಇನ್ನೊಬ್ಬರ ಮುಖ ತುಂಬಿತು.

ಕೂಡಿ ಉಣ್ಣುವುದರ ಮಹಿಮೆಯನ್ನು ಈ ನಾಡಿನ ಮಠಗಳ ಪ್ರಸಾದ ನಿಲಯಗಳು ಬಹುಕಾಲದಿಂದ ಬಲ್ಲವು. ತುಮಕೂರಿನ ಸಿದ್ಧಗಂಗೆಯಲ್ಲಿ ಶ್ರೀ ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾಗುವವರೆಗೆ ದಶಕಗಳ ಕಾಲ ಸಾವಿರಾರು ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರಗಳನ್ನಿತ್ತು ಸಲಹಿದರು. ಅಂತಹ ನಿಲಯಗಳಲ್ಲಿ ಬೇರೆ ಬೇರೆ ಊರಿನ, ಜಾತಿಯ, ಸ್ವಭಾವದ ಮಕ್ಕಳು ಒಂದೇ ಪಂಕ್ತಿಯಲ್ಲಿ ಕೂರುತ್ತಾರೆ. ಬಡಿಸುವವನೂ ಹುಡುಗ, ಉಣ್ಣುವವನೂ ಹುಡುಗ. ನಾಳೆ ಸರದಿ ಬದಲಾಗುತ್ತದೆ. ಸಾರು ಎಲ್ಲರಿಗೂ ಮುಟ್ಟುವಂತೆ ಬಡಿಸುವುದು, ಪಕ್ಕದವನ ತಟ್ಟೆ ಬರಿದಾಗಿರುವುದನ್ನು ಕಂಡು ಕೂಗಿ ಕರೆಯುವುದು, ಜ್ವರ ಬಂದ ಗೆಳೆಯನಿಗೆ ಗಂಜಿ ಒಯ್ಯುವುದು ಇವೆಲ್ಲ ಅಲ್ಲಿ ಪಾಠವೆಂದು ಹೆಸರಿಡದೆಯೇ ನಡೆಯುವ ಪಾಠಗಳು. ಅಲ್ಲಿಯೂ ಜಗಳವಿಲ್ಲವೆಂದಲ್ಲ, ಮನೆಯ ನೆನಪಿನ ಅಳುವಿಲ್ಲವೆಂದಲ್ಲ. ಅವುಗಳ ನಡುವೆಯೇ ಹುಟ್ಟಿದ ಗೆಳೆತನಗಳು ಅರವತ್ತರ ವಯಸ್ಸಿನಲ್ಲಿಯೂ ಉಳಿದಿರುವುದನ್ನು ಹಳೆಯ ವಿದ್ಯಾರ್ಥಿಗಳ ಸಮಾವೇಶಗಳಲ್ಲಿ ಕಾಣಬಹುದು.

ಎಲ್ಲ ಮಕ್ಕಳಿಗೂ ಪ್ರಸಾದ ನಿಲಯ ದೊರೆಯುವುದಿಲ್ಲ. ಕಳೆದುಹೋದ ಓಣಿಯೂ ನಾಳೆಯೇ ಮರಳಿ ಬರುವುದಿಲ್ಲ. ಆದರೂ ಗೃಹಸ್ಥರು ಆಚರಿಸಬಹುದಾದ ಕೆಲವು ಸರಳ ನಿಯಮಗಳಿವೆ.

ಮೊದಲನೆಯದು, ಎರಡು ವರ್ಷದೊಳಗಿನ ಕೂಸಿಗೆ ತೆರೆಯೇ ಬೇಡ. ವಿಶ್ವ ಆರೋಗ್ಯ ಸಂಸ್ಥೆಯು 2019ರ ಮಾರ್ಗಸೂಚಿಯಲ್ಲಿ 2ರಿಂದ 4 ವರ್ಷದ ಮಕ್ಕಳಿಗೂ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ತೆರೆ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಎಂದಿದೆ.

ಎರಡನೆಯದು, ಸ್ನೇಹ ಕಲಿಸುವ ಆ್ಯಪನ್ನು ಮಗುವಿಗೆ ಕೊಟ್ಟು ಎದ್ದು ಹೋಗಬಾರದು. ಪಕ್ಕದಲ್ಲಿ ಕುಳಿತು ನೋಡಬೇಕು. ನೋಡಿದ ಮೇಲೆ ಮಾತನಾಡಬೇಕು. ‘ಆ ಮರಿಗೆ ಯಾಕೆ ಅಳು ಬಂತು? ನಿನಗೆ ನಿನ್ನೆ ಶಾಲೆಯಲ್ಲಿ ಹೀಗೆ ಆಗಿತ್ತೇ?’ ಎಂಬ ಎರಡು ಪ್ರಶ್ನೆಗಳು ಆ್ಯಪ್‌ನ ಹತ್ತು ಹಂತಗಳಿಗಿಂತ ಹೆಚ್ಚು ಕೆಲಸ ಮಾಡುತ್ತವೆ.

ಮೂರನೆಯದು, ತೆರೆಯ ಮೇಲೆ ಕಲಿತ ಒಂದೊಂದು ಪಾಠಕ್ಕೂ ಒಂದು ನಿಜವಾದ ಭೇಟಿಯ ಜೊತೆ ಇರಲಿ. ಹಂಚಿಕೊಳ್ಳುವ ಪಾಠವಾದರೆ ಆ ವಾರ ನೆರೆಮನೆಯ ಮಗುವನ್ನು ಕರೆದು ಒಂದು ಹೋಳಿಗೆಯನ್ನು ಇಬ್ಬರ ನಡುವೆ ಇಡಬಹುದು. ಸರದಿ ಕಾಯುವ ಪಾಠವಾದರೆ ಚೌಕಾಬಾರವನ್ನೋ ಅಳಗುಳಿಮಣೆಯನ್ನೋ ಹಾಸಿ ಕೂರಿಸಬಹುದು. ಮಕ್ಕಳು ಜಗಳವಾಡಿದೊಡನೆ ತೀರ್ಪು ಕೊಡಲು ಓಡಬಾರದು. ಪೆಟ್ಟಾಗದಂತೆ, ಒಬ್ಬರನ್ನೇ ಎಲ್ಲರೂ ಕಾಡದಂತೆ ನೋಡಿಕೊಂಡು, ಉಳಿದದ್ದನ್ನು ಅವರಿಗೇ ಬಿಡಬೇಕು.

ನಾಲ್ಕನೆಯದು, ಬೆಳವಣಿಗೆಯಲ್ಲಿ ವಿಶೇಷ ಅಗತ್ಯಗಳಿರುವ ಮಗುವಾಗಿದ್ದರೆ ವೈದ್ಯರ, ತಜ್ಞರ ಸಲಹೆ ಪಡೆದೇ ಮುಂದುವರಿಯಬೇಕು. ಆ್ಯಪ್ ಅವರ ಕೈಯ ಉಪಕರಣವಾಗಲಿ. ಅಂತಹ ಮಗುವಿನ ಜೊತೆಗೆ ತಾಳ್ಮೆಯಿಂದ ಆಡಬಲ್ಲ ಒಬ್ಬನೇ ಒಬ್ಬ ಗೆಳೆಯನನ್ನು ಹುಡುಕಿಕೊಡುವುದು ಇಡೀ ಬಂಧುಬಳಗದ ಹೊಣೆ.

ಐದನೆಯದು ಎಲ್ಲಕ್ಕಿಂತ ಕಠಿಣ. ಮಗು ನೋಡುವ ಮೊದಲ ಪಾಠ ತಂದೆತಾಯಿಗಳ ನಡೆ. ಮನೆಗೆ ಬಂದ ಅತಿಥಿಯ ಎದುರಿಗೆ ಫೋನಿನಲ್ಲಿ ಮುಳುಗಿರುವ ತಂದೆ, ಪಕ್ಕದ ಮನೆಯವರೊಡನೆ ವರ್ಷಗಟ್ಟಲೆ ಮಾತು ಬಿಟ್ಟಿರುವ ತಾಯಿ, ಮಗುವಿಗೆ ಸ್ನೇಹದ ಆ್ಯಪ್ ಹಾಕಿಕೊಟ್ಟರೆ ಮಗು ಯಾವುದನ್ನು ನಂಬಬೇಕು? ಹಿರಿಯರು ನಡೆದು ತೋರಿಸದ ಮಾತನ್ನು ಕಿರಿಯರು ನಂಬಿದ್ದು ಯಾವ ಕಾಲದಲ್ಲಿಯೂ ಇಲ್ಲ. ಮಗುವಿಗೆ ಗೆಳೆಯರು ಬೇಕೆನ್ನುವ ತಂದೆತಾಯಿಗಳು ತಾವು ಮೊದಲು ನೆರೆಮನೆಯ ಬಾಗಿಲು ತಟ್ಟಬೇಕು. ಎರಡು ಮನೆಗಳ ಹಿರಿಯರು ಮಾತನಾಡುತ್ತ ನಿಂತರೆ ಎರಡು ಮನೆಗಳ ಮಕ್ಕಳು ತಾವಾಗಿಯೇ ಆಡತೊಡಗುತ್ತಾರೆ.

ಆ್ಯಪ್ ಒಂದು ಕೈಮರ. ಊರು ಯಾವ ದಿಕ್ಕಿನಲ್ಲಿದೆ ಎಂದು ಅದು ತೋರಿಸುತ್ತದೆ. ದಾರಿ ತಪ್ಪಿದವರಿಗೆ ಅದರ ಉಪಕಾರ ದೊಡ್ಡದು. ಆದರೆ ಕೈಮರದ ಕೆಳಗೇ ಕುಳಿತವರು ಊರು ಸೇರುವುದಿಲ್ಲ. ಒಂಟಿಯಾಗಿ ಬೆಂಚಿನ ತುದಿಯಲ್ಲಿ ಕುಳಿತ ಮಗುವಿಗೆ ಬೇಕಾಗಿರುವುದು ಪಕ್ಕಕ್ಕೆ ಸರಿದು ಜಾಗ ಮಾಡಿಕೊಡುವ ಇನ್ನೊಂದು ಮಗು. ಹಾಗೆ ಸರಿದು ಕೂರುವ ಮಗುವನ್ನು ಬೆಳೆಸುವ ಕೆಲಸ ಪ್ರತಿಯೊಂದು ಮನೆಯ ಕಾಯಕವಾಗಲಿ.